ಹೊಗೆ ನಿಲ್ಲಿಸಿದ ಚಿಮಣಿಗೆ ಕೊನೆಯ ಮನೆಯಾಕೆಯ ದೂರು

ಕಲ್ಲಿದ್ದಲು ವಿದ್ಯುತ್ ಸ್ಥಾವರದ ಹಿರಿಯ ಚಿಮಣಿಯವರ ಸನ್ನಿಧಾನಕ್ಕೆ,

ಮಾನ್ಯರೇ,

ತಮ್ಮ ಹಿಂದಿನ ಬೀದಿಯ ಕೊನೆಯ ಮನೆಯಿಂದ, ತಮ್ಮ ಬಾಯ್ಲರ್ ನೋಡಿಕೊಳ್ಳುತ್ತಿದ್ದವರ ಹೆಂಡತಿ ತಲೆಯೆತ್ತಿ (ತಾವಿರುವುದೇ ಅಷ್ಟೆತ್ತರ, ಬೇರೆ ದಾರಿಯಿಲ್ಲ) ಮಾಡುವ ನಮಸ್ಕಾರಗಳು. ಕಲ್ಲಿದ್ದಲ ಕಾಲ ಮುಗಿಯಿತೆಂದು ತಾವು ಹೊಗೆ ನಿಲ್ಲಿಸಿ ಮೂರು ತಿಂಗಳಾಯಿತು. ಬೀದಿಯ ಹೆಂಗಸರಿಗೆ ಮುಂಚಿತವಾಗಿ ಒಂದು ಮಾತು ತಿಳಿಸಬಾರದಿತ್ತೇ?

ಮೂವತ್ತೊಂದು ವರ್ಷ ತಮ್ಮ ಹೊಗೆ ಯಾವ ಕಡೆ ವಾಲುತ್ತದೆಂದು ನೋಡಿಯೇ ಬಟ್ಟೆ ಒಣಹಾಕಿದವಳು ನಾನು. ಆಚೆಗೆ ವಾಲಿದರೆ ಮಹಡಿಯ ಮೇಲೆ, ನಮ್ಮ ಕಡೆ ವಾಲಿದರೆ ಅಡುಗೆಮನೆಯಲ್ಲಿ. ಆದರೂ ತಾವು ಮರೆಯದೆ ಕಿಟಕಿಯಿಂದ ಒಂದು ಹಿಡಿ ಬೂದಿ ಕಳಿಸಿಕೊಡುತ್ತಿದ್ದಿರಿ. ಬಿಳಿ ಬಟ್ಟೆ ಕೊಳ್ಳುವ ಧೈರ್ಯ ಬೀದಿಯಲ್ಲಿ ಯಾರಿಗೂ ಇರಲಿಲ್ಲವಾದ್ದರಿಂದ ಬಣ್ಣ ಆರಿಸುವ ತಲೆನೋವೂ ಇರಲಿಲ್ಲ. ಈಗಲೂ ಒಣಗಿದ್ದನ್ನು ಎರಡೆರಡು ಸಲ ಕೊಡವಿಯೇ ಮಡಚುತ್ತೇನೆ. ಏನೂ ಉದುರುವುದಿಲ್ಲ, ಪಕ್ಕದ ಮನೆಯವಳು ನಗುತ್ತಾಳೆ.

ನಿಜವಾದ ದೂರು ಯಜಮಾನರ ವಿಷಯದ್ದು. ಹೊಸ ಸೌರ ಘಟಕದಲ್ಲಿ ಅವರಿಗೆ ಕೆಲಸ ಕೊಟ್ಟಿದ್ದಾರೆ. ನಾಳೆ ಸೋಮವಾರ ಹಾಜರಾಗದಿದ್ದರೆ ಅದು ಬೇರೆಯವರ ಪಾಲು. ಇವರೋ ತರಬೇತಿಯ ಮೊದಲ ದಿನವೇ, ಬಾಯ್ಲರ್ ಕೊಳವೆಯನ್ನು ತಟ್ಟುವ ಅಭ್ಯಾಸಬಲದಿಂದ ಸೌರ ಫಲಕವನ್ನು ಬೆರಳಲ್ಲಿ ತಟ್ಟಿ, ಕಿವಿಗೊಟ್ಟು, "ಇದು ಉಸಿರೇ ಆಡ್ತಿಲ್ವಲ್ರೀ, ಕರೆಂಟ್ ಎಲ್ಲಿಂದ ಬರುತ್ತೆ?" ಎಂದು ಕೇಳಿ, ಎಲ್ಲರೂ ನಕ್ಕದ್ದಕ್ಕೆ ಮುನಿಸಿಕೊಂಡು ಬಂದವರು ಮತ್ತೆ ಅತ್ತ ತಲೆಹಾಕಿಲ್ಲ. ದಿನಾ ಬೆಳಿಗ್ಗೆ ಸಮವಸ್ತ್ರ ತೊಟ್ಟು, ಊಟದ ಡಬ್ಬಿ ಹಿಡಿದು, ತಮ್ಮ ಬೀಗ ಹಾಕಿದ ಗೇಟಿನೆದುರು ಕುಳಿತು ಸಂಜೆ ವಾಪಸಾಗುತ್ತಾರೆ. ನನಗೆ ಸಿಟ್ಟು ಬರುತ್ತದೆ, ಅದಕ್ಕಿಂತ ಹೆಚ್ಚು ಸಂಕಟವಾಗುತ್ತದೆ. ತಟ್ಟಿದ ಸದ್ದಿನಲ್ಲೇ ಕೊಳವೆಯೊಳಗಿನ ಬಿರುಕು ಹೇಳುತ್ತಿದ್ದ ಮನುಷ್ಯ ಅವರು.

ಆದ್ದರಿಂದ ತಾವು ದಯಮಾಡಿ ಒಂದೇ ಒಂದು ಸಲ ಬಾಗಿ, ಅವರ ಕಿವಿಯಲ್ಲಿ "ಹೋಗಪ್ಪಾ, ನಂದು ಮುಗೀತು" ಎಂದು ಹೇಳಬೇಕಾಗಿ ವಿನಂತಿ. ನಾನು ಹೇಳಿದರೆ ಕೇಳುವುದಿಲ್ಲ. ತಮ್ಮ ಮಾತನ್ನು ಎಂದೂ ತೆಗೆದುಹಾಕಿದವರಲ್ಲ. ಬಾಗುವಾಗ ನಮ್ಮ ಮನೆಯ ಕಡೆ ಮಾತ್ರ ಬೇಡ.

ಮೂವತ್ತೊಂದು ವರ್ಷ ತಮ್ಮ ಬೂದಿ ಒಗೆದ,
ತಮ್ಮ ವಿಶ್ವಾಸಿ,
ಕೊನೆಯ ಮನೆಯಾಕೆ

ತಾ.ಕ.: ಭಾನುವಾರ ಈ ಪತ್ರವನ್ನು ತಮ್ಮ ಗೇಟಿಗೆ ಅಂಟಿಸಿದ್ದೆ, ಇದಿಷ್ಟು ಮಂಗಳವಾರ ಬಂದು ಸೇರಿಸಿದ್ದು. ಯಜಮಾನರು ನಿನ್ನೆ ಇದನ್ನು ಎರಡು ಸಲ ಓದಿ, ಇಲ್ಲಿಂದಲೇ ಎದ್ದು ಸೌರ ಘಟಕಕ್ಕೆ ಹೋದರಂತೆ. ತಾವಿನ್ನು ಬಾಗಬೇಕಾಗಿಲ್ಲ. ಸಂಜೆ ಬಂದವರು ಚಪ್ಪಲಿ ಬಿಡುವ ಮೊದಲೇ ಶುರು ಮಾಡಿದರು: "ಆ ಫಲಕಗಳನ್ನ ಒರೆಸಿದಷ್ಟೂ ಧೂಳು ಬಂದು ಕೂರುತ್ತೆ ಕಣೇ! ಇನ್ನೊಬ್ಬರ ಕಷ್ಟ ಯಾರಿಗಾದರೂ ಗೊತ್ತಾಗುತ್ತಾ?" ನಾನು ಒಣಗಿದ ಅವರ ಅಂಗಿಯನ್ನು ಅವರೆದುರೇ ಎರಡು ಸಲ ಕೊಡವಿ ಮಡಚಿಟ್ಟೆ.