ಭಾನುವಾರದ ಪಾಠಶಾಲೆಯ ಬಿಸ್ಕತ್ತು ವ್ಯಾಪಾರ

ಸ್ವಂತ ಧರ್ಮದಲ್ಲಿ ಸಂಧ್ಯಾವಂದನೆಯನ್ನೇ ಅರ್ಧ ಮರೆತವನು ಇನ್ನೊಬ್ಬರ ಧರ್ಮದ ಪಾಠಕ್ಕೆ ಹೋಗಿ ಕೂರಬಾರದು. ಈ ಜ್ಞಾನ ನನಗೆ ಬಂದದ್ದು ಐವತ್ತು ದಾಟಿದ ಮೇಲೆ, ನೈರೋಬಿಯ ಯಹೂದಿ ಮಕ್ಕಳ ಭಾನುವಾರದ ಪಾಠಶಾಲೆಯಲ್ಲಿ, ಮೊಣಕಾಲು ಗದ್ದಕ್ಕೆ ತಗಲುವಂಥ ಗಿಡ್ಡ ಕುರ್ಚಿಯ ಮೇಲೆ.

ನಾನು ಅಲ್ಲಿಗೆ ಹೋದದ್ದು ಭಕ್ತಿಯಿಂದಲ್ಲ, ಡ್ರೈವರ್ ಆಗಿ. ಹೈರಿಡ್ಜಿನಲ್ಲಿ ನಮ್ಮ ಕೆಳಗಿನ ಫ್ಲಾಟಿನ ಮಿರಿಯಂ ಇಸ್ರೇಲಿನವರು. ಗಂಡ ನೀರಾವರಿ ಎಂಜಿನಿಯರ್, ವಾರದ ಹೆಚ್ಚು ದಿನ ಊರಲ್ಲಿರುವುದಿಲ್ಲ. ಅವರ ಮಗಳು ನೋವಾ, ಮಗ ದಾನಿ, ಇಬ್ಬರನ್ನೂ ಪಾಠಶಾಲೆಗೆ ಬಿಟ್ಟು ಕರೆತರುತ್ತಿದ್ದವಳು ನನ್ನ ಹೆಂಡತಿ ವಿಮಲ. ನಮಗೆ ಮಕ್ಕಳಿಲ್ಲ, ಭಾನುವಾರದ ಮಟ್ಟಿಗೆ ಅವಳಿಗೆ ಇದ್ದರು. ಜನವರಿಯಲ್ಲಿ ಅವಳು ತೀರಿಕೊಂಡಾಗ ಮಿರಿಯಂ, "ಇನ್ನು ನಿಮಗೆ ತೊಂದರೆ ಕೊಡೋಲ್ಲ" ಎಂದರು. "ತೊಂದರೆ ಏನಿಲ್ಲ, ಆ ಕಡೆ ನನಗೂ ಕೆಲಸ ಇರುತ್ತೆ" ಎಂದೆ. ನನಗಿದ್ದ ಕೆಲಸವೆಂದರೆ ಮನೆಯಲ್ಲಿ ಇರದಿರುವುದು. ಆ ಎರಡು ಮಕ್ಕಳು ಹಿಂದಿನ ಸೀಟಿನಲ್ಲಿ ಕೂರದೆ ಹೋದರೆ ವಾರಕ್ಕೊಮ್ಮೆ ನಾನು ಬಾಯಿ ಬಿಡುವುದೂ ನಿಂತುಹೋಗುತ್ತಿತ್ತು.

ಮಕ್ಕಳ ಮಾತು ಇಂಗ್ಲಿಷಿನಲ್ಲಿ. ನನ್ನ ಕಿವಿಗೆ ಅದು ಕನ್ನಡವಾಗಿಯೇ ಬೀಳುತ್ತದೆ. "ಅಂಕಲ್, ಈ ಸರ್ಕಲ್ಲಲ್ಲಿ ಆಂಟಿ ಮಟಾಟು ವ್ಯಾನ್ ಡ್ರೈವರ್‌ಗಳಿಗೆ ಬೈತಿದ್ರು. ನೀವ್ಯಾಕೆ ಬೈಯಲ್ಲ?" ಎಂದಳು ನೋವಾ ಮೊದಲ ದಿನವೇ.

"ನನಗೆ ಬೈಯೋಕೆ ಬರಲ್ಲಮ್ಮ."

"ಆಂಟಿನೂ ಅದನ್ನೇ ಹೇಳೋರು. ನಿಮಗೆ ಏನೂ ಬರಲ್ಲ ಅಂತ."

ಪಾಠ ಮುಗಿಯುವ ತನಕ ಕಾರಿನಲ್ಲಿ ಮಲಗಿರೋಣವೆಂದುಕೊಂಡಿದ್ದೆ. ಗೇಟಿನ ಕಾವಲುಗಾರನಿಗೆ ಅದು ಅನುಮಾನಕ್ಕೆ ಕಾರಣವಾಯಿತು. ಕೊನೆಗೆ ದೆಬೋರಾ ಟೀಚರ್ ಬಂದು ನನ್ನನ್ನು ಒಳಗೆ ಕೂರಿಸಿದರು. ಅಂದಿನಿಂದ ನಾನೂ ವಿದ್ಯಾರ್ಥಿ. ದಾನಿಯ ವಯಸ್ಸಿನವರು ಹೀಬ್ರೂ ಅಕ್ಷರಮಾಲೆ ಮುಗಿಸಿದಾಗ ನಾನು ಮೂರನೆಯ ಅಕ್ಷರದಲ್ಲಿದ್ದೆ.

ಏಪ್ರಿಲ್‌ನಲ್ಲಿ ಅವರ ಪೆಸಾಹ್ ಹಬ್ಬ ಬಂತು. ಹಿಂದೆ ಅವರ ಪೂರ್ವಜರು ಈಜಿಪ್ಟಿನಿಂದ ಅವಸರದಲ್ಲಿ ಹೊರಟಾಗ ಹಿಟ್ಟು ಉಬ್ಬುವಷ್ಟು ಹೊತ್ತೂ ಇರಲಿಲ್ಲವಂತೆ. ಅದರ ನೆನಪಿಗೆ ಹಬ್ಬದ ದಿನಗಳಲ್ಲಿ ಬ್ರೆಡ್ಡು, ಬಿಸ್ಕತ್ತು, ನೂಡಲ್ಸ್ ಮನೆಯಲ್ಲಿರಬಾರದು. ತಮ್ಮದೆನ್ನುವ ಒಂದು ಚೂರೂ ಇರಬಾರದು. ಎಸೆಯಲು ಮನಸ್ಸಿಲ್ಲದವರು ಯಹೂದಿಯಲ್ಲದ ಒಬ್ಬರಿಗೆ ಮಾರಿಬಿಟ್ಟು, ಹಬ್ಬ ಕಳೆದ ಮೇಲೆ ಮರಳಿ ಕೊಳ್ಳಬಹುದು. "ಯಹೂದಿಯಲ್ಲದವರು ಎಲ್ಲಿ ಸಿಗ್ತಾರೆ?" ಎಂದು ಟೀಚರ್ ಕೇಳಿದ್ದೇ ತಡ, ತರಗತಿಯ ಕಣ್ಣೆಲ್ಲ ನನ್ನ ಮೇಲೆ. ಎಲ್ಲಿಯೂ ಯಾವ ಪದವಿಗೂ ಆಯ್ಕೆಯಾಗದ ನಾನು ಇಲ್ಲಿ ಅವಿರೋಧವಾಗಿ ಆಯ್ಕೆಯಾದೆ. ಮಕ್ಕಳು ತಂದ ಪೊಟ್ಟಣಗಳನ್ನೆಲ್ಲ ಚಿಲ್ಲರೆ ಕೊಟ್ಟು ಕೊಂಡು, ಕೈ ಕುಲುಕಿ, ರಟ್ಟಿನ ಪೆಟ್ಟಿಗೆಯಲ್ಲಿ ತುಂಬಿಕೊಂಡು ಮನೆಗೆ ತಂದೆ.

ಕೆಟ್ಟದ್ದು ಇಲ್ಲೇ. ವಿಮಲ ಹೋದ ಮೇಲೆ ನಮ್ಮ ಒಲೆ ಕಾಫಿಗಷ್ಟೇ ಉರಿಯುತ್ತಿತ್ತು. ಮೊದಲ ಸಂಜೆ ಒಂದು ಬಿಸ್ಕತ್ತು ತಿಂದೆ. ಕೊಂಡಿದ್ದೇನಲ್ಲ, ನನ್ನದೇ ತಾನೆ? ಮಾರನೆಯ ದಿನ ರಸ್ಕು. ಮೈಸೂರಿನಿಂದ ಅಕ್ಕ ಫೋನ್ ಮಾಡಿದಾಗ ಬಾಯಿ ತುಂಬ ಕ್ರೀಮ್ ಬಿಸ್ಕತ್ತು.

"ಊಟ ಆಯ್ತೇನೋ?"

"ಆಗ್ತಾ ಇದೆ ಅಕ್ಕ. ಹುಳಿ ಅನ್ನ."

"ಹುಳಿ ಅನ್ನ ಹಂಗೆ ಕರುಂ ಕುರುಂ ಅನ್ನುತ್ತೇನೋ? ನನ್ ಹತ್ರ ಬುರುಡೆ ಬಿಡಬೇಡ!"

ಹಬ್ಬ ಮುಗಿಯಿತು. ಕರೆಗಂಟೆ ಸದ್ದು ಮಾಡಿತು. ಬಾಗಿಲಲ್ಲಿ ನೋವಾ, ದಾನಿ, ಹಿಂದೆ ಮಿರಿಯಂ. "ಅಂಕಲ್, ವಾಪಸ್ ತಗೊಳ್ಳೋಕೆ ಬಂದ್ವಿ!" ನಾನು ಪೆಟ್ಟಿಗೆಯನ್ನು ತೋರಿಸಿದೆ. ತಳದಲ್ಲಿ ಒಂದು ನೂಡಲ್ಸ್ ಪೊಟ್ಟಣ ಉಳಿದಿತ್ತು, ಬೇಯಿಸಬೇಕಾಗುತ್ತದೆಂಬ ಕಾರಣಕ್ಕೆ.

"ಇಡೀ ಕ್ಲಾಸನ್ನ ತಿಂದ್ಬಿಟ್ರಾ?" ಎಂದ ದಾನಿ, ಭಯಭಕ್ತಿಯಿಂದ.

ಮಿರಿಯಂ ನಗಲಿಲ್ಲ. ನನ್ನ ಭುಜದ ಮೇಲಿನಿಂದ ಅಡುಗೆಮನೆಯನ್ನು, ಧೂಳು ಕೂತ ಕುಕ್ಕರನ್ನು ನೋಡಿದರು. "ಭಾನುವಾರ ಮಾತಾಡೋಣ" ಎಂದಷ್ಟೇ ಹೇಳಿ ಇಳಿದುಹೋದರು. ಮಕ್ಕಳ ಬಿಸ್ಕತ್ತು ಕದ್ದು ತಿಂದವನ ಕಾರಿಗೆ ಮಕ್ಕಳನ್ನು ಯಾವ ತಾಯಿ ಹತ್ತಿಸುತ್ತಾಳೆ? ನನ್ನ ಭಾನುವಾರಗಳನ್ನು ನಾನೇ ಕಾಫಿಯಲ್ಲಿ ಅದ್ದಿ ತಿಂದಿದ್ದೆ.

ಆ ಭಾನುವಾರ ಮಿರಿಯಂ ಕೂಡ ನಮ್ಮೊಡನೆ ಕಾರು ಹತ್ತಿದರು. ತರಗತಿಯಲ್ಲಿ ಬೈಗುಳ ಕಾದಿದೆ ಎಂದುಕೊಂಡರೆ ಕಾದಿದ್ದದ್ದು ಚರ್ಚೆ. ಕೊಂಡವನು ತಿನ್ನಬಹುದೇ? ಅವರ ಪಾಠದ ಕ್ರಮವೇ ಅದು, ಪ್ರಶ್ನೆ ಸಿಕ್ಕರೆ ಹಬ್ಬ. ತಿನ್ನಬಾರದು, ಅದು ವಿಶ್ವಾಸದ್ರೋಹ ಎಂದರು ಹಲವರು. ನೋವಾ ಎದ್ದು ನಿಂತು, "ಅಂಕಲ್ ತಿನ್ನೋ ಹಾಗಿಲ್ಲ ಅಂದ್ರೆ ನಾವು ಮಾರಿದ್ದೇ ನಾಟಕ. ಹಾಗಾದ್ರೆ ಹಬ್ಬದಲ್ಲಿ ಅದೆಲ್ಲ ನಮ್ಮದೇ ಆಗಿತ್ತು. ಪಾಪ ನಮಗೇ!" ಎಂದಳು. ದೆಬೋರಾ ಟೀಚರ್ ತಲೆದೂಗಿ, ನಾನು ತಿಂದದ್ದರಿಂದಲೇ ವ್ಯಾಪಾರ ನಿಜವಾಯಿತೆಂದು ತೀರ್ಪು ಕೊಟ್ಟರು. ನನ್ನ ಹೊಟ್ಟೆಬಾಕತನ ಇಷ್ಟು ಜನರ ಧರ್ಮ ಕಾಪಾಡಿದ್ದು ನನಗೆ ಗೊತ್ತೇ ಇರಲಿಲ್ಲ.

ಹೊರಗೆ ಬಂದ ಮೇಲೆ ಮಿರಿಯಂ ತಮ್ಮ ತೀರ್ಪು ಕೊಟ್ಟರು: "ಡ್ರೈವಿಂಗ್ ನೀವೇ ಮಾಡಿ. ಆದ್ರೆ ಇನ್ಮೇಲೆ ವಾರಕ್ಕೊಂದು ಸಲ ಮಕ್ಕಳಿಗೆ ನಿಮ್ಮ ಕೈಯಾರೆ ಏನಾದ್ರೂ ಮಾಡ್ಕೊಂಡು ಬರಬೇಕು. ಒಲೆ ಹಚ್ಚಿ."

"ಆಂಟಿ ಮಾಡೋ ರಿಂಗು!" ಎಂದ ದಾನಿ. ಕೋಡುಬಳೆ.

ಹಿಟ್ಟು, ಎಣ್ಣೆ ತಮ್ಮ ಧರ್ಮದ ಆಹಾರ ನಿಯಮಕ್ಕೆ ಸರಿಯಿವೆಯೆಂದು ಟೀಚರ್ ನೋಡಿ ಒಪ್ಪಿದರು. ನನ್ನ ಕೈ ಮಾತ್ರ ಒಪ್ಪಲಿಲ್ಲ. ವಿಮಲಳ ಕೋಡುಬಳೆ ಮುಟ್ಟಿದರೆ ಮುರಿಯುತ್ತಿತ್ತು. ನನ್ನದನ್ನು ಮುರಿಯಲು ಹೋದವರ ಹಲ್ಲಿಗೇ ಅಪಾಯ. ಮಕ್ಕಳು ಮರ್ಯಾದೆಗೆ ಚೀಪಿದರು. ನಾನೂ ಬಿಡದೆ ವಾರವಾರ ಹಿಟ್ಟು ನಾದಿದೆ, ಅವಳು ಓಮ ಹಾಕುತ್ತಿದ್ದಳೋ ಜೀರಿಗೆಯೋ ಎಂದು ಒಲೆಯ ಮುಂದೆ ನಿಂತು ಯೋಚಿಸುತ್ತ. ಕೇಳಿದ್ದರೆ ಹೇಳುತ್ತಿದ್ದಳು. ಕೇಳಿರಲಿಲ್ಲ.

ಆಗಸ್ಟಿನಲ್ಲಿ ಊರಂಚಿನ ಲಂಗಾಟಾದಲ್ಲಿ ಪಾಠಶಾಲೆಯ ಬೇಸಿಗೆ ಶಿಬಿರ. ಬೇಸಿಗೆ ಅವರ ದೇಶದ್ದು. ನೈರೋಬಿಯ ಚಳಿಗೆ ಮಕ್ಕಳೆಲ್ಲ ಸ್ವೆಟರ್ ತೊಟ್ಟಿದ್ದರು. ಡಬ್ಬಿ ಇಳಿಸಿ ಬರುವಷ್ಟರಲ್ಲಿ ಹುಲ್ಲಿನ ಮೇಲೆ ಭಾರೀ ಗಲಾಟೆ. ಗೂಟ ನೆಟ್ಟು, ದೂರದಿಂದ ಗುರಿಯಿಟ್ಟು ನನ್ನ ಕೋಡುಬಳೆಗಳನ್ನು ಎಸೆಯುತ್ತಿದ್ದಾರೆ. ದಾನಿ ಏದುಸಿರು ಬಿಡುತ್ತ ಓಡಿಬಂದ.

"ಅಂಕಲ್, ನಮ್ಮ ಟೀಮೇ ಗೆದ್ದಿದ್ದು! ಒಂದೂ ಮುರೀಲಿಲ್ಲ! ಮುಂದಿನ ವಾರನೂ ಇದೇ ಥರ ಮಾಡ್ತೀರಾ?"

"ಮಾಡ್ತೀನಪ್ಪ. ಬೇರೆ ಥರ ಮಾಡೋಕೆ ಇನ್ನೂ ಬಂದಿಲ್ಲ" ಎಂದೆ.