ಮಾಮಾ ಮತ್ತು ಹನುಮಪ್ಪನ ಹಕ್ಕುಸ್ವಾಮ್ಯ

ನಮ್ಮ ಮಾಮಾ ಪುಣೆಯ ಯಾವ ನ್ಯಾಯಾಲಯದ ಮೆಟ್ಟಿಲನ್ನೂ ಹತ್ತಿದವರಲ್ಲ. ಆದರೂ ದೇಶದ ಯಾವ ತೀರ್ಪೂ ಅವರ ಒಪ್ಪಿಗೆಯಿಲ್ಲದೆ ಜಾರಿಗೆ ಬರುತ್ತಿರಲಿಲ್ಲ! ಭೋಸರಿಯ ಕಾರ್ಖಾನೆಯೊಂದರ ಉಗ್ರಾಣದಲ್ಲಿ ಮೂವತ್ತು ವರ್ಷ ನಟ್ಟು ಬೋಲ್ಟು ಕಾದು ನಿವೃತ್ತರಾದವರಿಗೆ ಕಾಯಲು ಇನ್ನೇನಾದರೂ ಬೇಕಿತ್ತು. ಕಾನೂನು ಸಿಕ್ಕಿತು. ಅದರಲ್ಲೂ ಅಂತರ್ಜಾಲದ್ದು, ಹಕ್ಕುಸ್ವಾಮ್ಯದ್ದು. ಎರಡು ಸಾವಿರದ ಇಸವಿ ದಾಟಿದ ಆ ದಿನಗಳಲ್ಲಿ ಅಂಥ ತೀರ್ಪುಗಳು ಪತ್ರಿಕೆಯಲ್ಲಿ ಮೇಲಿಂದ ಮೇಲೆ ಬರುತ್ತಿದ್ದವು. ಮಾಮಾ ಅವನ್ನು ಕತ್ತರಿಸಿಕೊಂಡು, ಬಿಬವೇವಾಡಿಯ ಎರಡು ಖೋಲಿಯ ಮನೆಯಲ್ಲಿ ಅತ್ತಿಂದಿತ್ತ ಇತ್ತಿಂದತ್ತ ತಿರುಗುತ್ತ ಗಟ್ಟಿಯಾಗಿ ಓದುವರು. ನಿಂತರೆ ನ್ಯಾಯ ತಡವಾದೀತೆಂಬ ಭಯವೋ ಏನೋ!

ಜಾಲತಾಣದ ಹೆಸರಿಗೂ ವ್ಯಾಪಾರದ ಮುದ್ರೆಗಿರುವಷ್ಟೇ ರಕ್ಷಣೆ ಉಂಟು, ಒಬ್ಬರ ಹೆಸರನ್ನು ಇನ್ನೊಬ್ಬರು ಹಾಕಿಕೊಳ್ಳುವಂತಿಲ್ಲ ಎಂದು ದೊಡ್ಡ ನ್ಯಾಯಾಲಯ ಹೇಳಿದ ದಿನ ಮನೆಯಲ್ಲಿ ಶಿರಾ ಆಯಿತು. ಮರುದಿನ ಎದುರು ಮನೆಗೆ ನೋಟೀಸು ಹೋಯಿತು. ಎರಡೂ ಮನೆಗಳ ಗೋಡೆಯ ಮೇಲೆ ‘ಮಾತೃಛಾಯಾ’ ಎಂದೇ ಇದೆ, ನಮ್ಮದು ಹಳೆಯದು, ನಿಮ್ಮದನ್ನು ಏಳು ದಿನದೊಳಗೆ ಅಳಿಸತಕ್ಕದ್ದು! (ಪುಣೆಯ ಅರ್ಧ ಮನೆಗಳ ಹೆಸರು ಅದೇ ಎಂಬುದು ಬೇರೆ ಮಾತು.) ಎದುರು ಮನೆಯಾತ ನೋಟೀಸು ಹಿಡಿದು ಬಾಗಿಲಿಗೇ ಬಂದ.

“ಕಾಕಾ, ತುಮ್ಹೀ ತರ ಭಾಡೇಕರೂ ನಾ?”

ಹೌದಲ್ಲ! ಮಾಮಾ ಬಾಡಿಗೆದಾರರು! ಹೆಸರು, ಗೋಡೆ, ಎರಡೂ ಮನೆ ಮಾಲಕನವು.

ಹಕ್ಕುಸ್ವಾಮ್ಯ ಬೇಕಾದವರು ಬರೀ ಬೆವರು ಸುರಿಸಿದರೆ ಸಾಲದು, ತುಸು ಬುದ್ಧಿಯನ್ನೂ ಸುರಿಸಿರಬೇಕು ಎಂದು ಇನ್ನೊಂದು ತೀರ್ಪು ಬಂತು. ಮಾಮಾ ಅದನ್ನು ಉಪ್ಪಿಟ್ಟಿಗೆ ಅನ್ವಯಿಸಿದರು.

“ನಿನ್ನಿ ಉಪ್ಪಿಟ್ಟಿಗೂ ಇವತ್ತಿಂದಕ್ಕೂ ಏನ್ ಫರಕ ಅದ? ಬರೇ ಶ್ರಮ ಅದ. ಸೃಜನಶೀಲತಾ ಎಲ್ಲದ?”

“ಡಬ್ಬ್ಯಾಗ ಅದ. ನಾಳೆ ನೀವ ತಗದು ಮಾಡ್ರಿ,” ಎಂದರು ಮಾಮಿ.

ಮರುದಿನವೂ ಉಪ್ಪಿಟ್ಟೇ. ಮಾಮಾ ಎರಡು ಸಲ ಹಾಕಿಸಿಕೊಂಡರು.

ಇಷ್ಟೆಲ್ಲ ಆದರೂ ಇಂಟರ್ನೆಟ್ ಕಾನೂನಿನ ಈ ಮಹಾಪಂಡಿತರು ಇಂಟರ್ನೆಟ್ಟನ್ನೇ ಕಂಡಿರಲಿಲ್ಲ! ತಡೆಯಲಾರದೆ ಧನಕವಡಿಯ ಸೈಬರ್ ಕೆಫೆಗೆ ಕರೆದೊಯ್ದೆ. ಏನು ತೋರಿಸಲಿ? ಹೆಣ್ಣುಮಕ್ಕಳ ಹಾಡುಗಳ ತಾಣವೊಂದನ್ನು ತೆರೆದೆ. ಇಂಗ್ಲಿಷ್ ಅಕ್ಷರಗಳಲ್ಲಿ ಮುಗ್ಗರಿಸುತ್ತಿದ್ದ ಕನ್ನಡ. ಓದುತ್ತ ಹೋದ ಮಾಮಾ ಒಮ್ಮೆಲೇ ಮುಂದಕ್ಕೆ ಬಾಗಿದರು. ಅಲ್ಲಿದ್ದದ್ದು ಮಾಮಿ ತಾವೇ ಕಟ್ಟಿ, ಪ್ರತಿ ಶುಕ್ರವಾರ ಭಜನಾ ಮಂಡಳಿಯಲ್ಲಿ ಹಾಡುವ ಆರತಿಯ ಹಾಡು. ಕೆಳಗೆ: ‘ಕರ್ತೃ: ಅಜ್ಞಾತ.’

“ಅಜ್ಞಾತ? ಮುಂಜಾನೆ ನನಗ ಚಹಾ ಮಾಡಿಕೊಟ್ಟಾಕಿ ಅಜ್ಞಾತಾ?”

ಕೆಫೆಗೆ ಕೆಫೆಯೇ ತಿರುಗಿ ನೋಡಿತು.

ಅಂದಿನಿಂದ ಮಾಮಾನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಆ ಹಾಡಿನ ಕೆಳಗೆ ಮಾಮಿಯ ಹೆಸರು ಬರಲೇಬೇಕು! ಊಟದ ನಡುವೆ ಎದ್ದುಬಿಡುವರು, ಸ್ನಾನಕ್ಕೆ ಹೋದವರು ಹಾಗೇ ಹೊರಬಂದು, “ಸಾಕ್ಷಿ ಯಾರದಾರ?” ಎನ್ನುವರು.

“ದೇವರ ಹಾಡ್ರಿ ಅದು. ಹೆಸರು ತೊಗೊಂಡು ಏನ್ ಉಪ್ಪಿನಕಾಯಿ ಹಾಕ್ಲಿ?” ಎಂದು ಮಾಮಿ ಒಳಗೆ ಹೋದರು.

ಮಾಮಾ ಪುಣೆಯಲ್ಲೇ ಇದ್ದ ಬೆಳಗಾವಿ ಕಡೆಯ ವಕೀಲರೊಬ್ಬರ ಮನೆಗೆ ನನ್ನನ್ನೂ ಎಳೆದುಕೊಂಡು ಹೋದರು. ವಕೀಲರು ಹಾಡನ್ನು ಪೂರ್ತಿ ಕೇಳಿ ಕಣ್ಣು ಮುಚ್ಚಿದರು. ದೇವರ ಹಾಡುಗಳ ಕೊನೆಯ ನುಡಿಯಲ್ಲಿ ಅಂಕಿತ ಇರುತ್ತದಲ್ಲ? ಮಾಮಿ ತಮ್ಮ ಹೆಸರಿಡದೆ, ತವರೂರಿನ ಅಗಸಿಬಾಗಿಲ ಹನುಮಪ್ಪನ ಹೆಸರಿಟ್ಟಿದ್ದರು.

“ಕಾಗದ ಇಲ್ಲ, ತಾರೀಖಿಲ್ಲ. ಸಹಿ ನೋಡಿದ್ರ ಹನುಮಪ್ಪಂದು. ಕಾನೂನಿನ ಕಣ್ಣಾಗ ದೇವರೂ ಒಬ್ಬ ವ್ಯಕ್ತಿನ ರೀ. ಅವನ ಬಂದು ದಾವಾ ಹೂಡಬೇಕು!”

ವಕೀಲರು ನಕ್ಕರು. ಮಾಮಾ ನಗಲಿಲ್ಲ.

“ವಕಾಲತ್ತಿಗೆ ಪೂಜಾರಿ ಸಹಿ ಹಾಕಿದ್ರ ನಡೀತದೇನ್ರಿ?”

ಇವರು ನಾಳೆಯೇ ಹನುಮಪ್ಪನ ಗುಡಿಗೆ ಹೊರಟಾರೆಂದು ಹೆದರಿ, ನಾನೇ ಆ ತಾಣದವರಿಗೆ ನಾಲ್ಕು ಸಾಲಿನ ಮೇಲ್ ಬರೆದೆ. ಮೂರನೆಯ ದಿನ ಒಬ್ಬ ಹೆಣ್ಣುಮಗಳ ಉತ್ತರ ಬಂತು: ‘ಕ್ಷಮಿಸಿ, ಗೊತ್ತಿರಲಿಲ್ಲ. ನಮ್ಮ ಅತ್ತೆ ಹಾಡುತ್ತಿದ್ದರು, ಬರೆದುಕೊಂಡೆ. ಕಟ್ಟಿದವರ ಹೆಸರು ತಿಳಿಸಿದರೆ ಇವತ್ತೇ ಹಾಕುವೆ.’

ಇಷ್ಟೇ! ವಾದವಿಲ್ಲ, ಪ್ರತಿವಾದವಿಲ್ಲ! ಮಾಮಾಗೆ ತುಸು ನಿರಾಶೆಯೇ ಆಯಿತೆನ್ನಬೇಕು. ಆದರೂ ಅಡಿಗೆಮನೆಯ ಬಾಗಿಲಲ್ಲಿ ನಿಂತು ಗಂಭೀರವಾಗಿ ಸಾರಿದರು: “ನಿನ್ನ ಹೆಸರು ಹಾಕ್ತಾರಂತ ನೋಡ!”

“ಯಾವ ಹೆಸರು?” ಎಂದರು ಮಾಮಿ.

“ಯಾವ ಹೆಸರು ಅಂದ್ರ?”

“ಹಾಡು ಕಟ್ಟಿದಾಗ ನನಗ ಹದಿನಾರು. ಲಗ್ನ ಆಗಿದ್ದಿಲ್ಲ.”

ನಮ್ಮ ಕಡೆ ಮದುವೆಯಲ್ಲಿ ತಾಟಿನ ತುಂಬ ಅಕ್ಕಿ ಹರಡಿ, ವರನ ಕೈಗೆ ಉಂಗುರ ಕೊಟ್ಟು, ಹೆಂಡತಿಗೆ ಹೊಸ ಹೆಸರು ಬರೆಸುತ್ತಾರೆ. ಮಾಮಾನೂ ಬರೆದಿದ್ದರು. ಹಳೆಯ ಹೆಸರು ತವರಿನಲ್ಲಷ್ಟೇ ಉಳಿದಿತ್ತು. ಹಾಗೆ ಕರೆಯುವವರೆಲ್ಲ ಹೋಗಿ ಎಷ್ಟೋ ವರ್ಷಗಳಾಗಿದ್ದವು.

ಮಾಮಾ ಯಾವ ತೀರ್ಪನ್ನೂ ಹೇಳಲಿಲ್ಲ. ಮೆಲ್ಲಗೆ, “ಏನಿತ್ತು?” ಎಂದರು.

ಮಾಮಿ ಸೆರಗಿಗೆ ಕೈ ಒರೆಸಿಕೊಂಡರು. ಒರೆಸಿದ ಕೈಯನ್ನೇ ಮತ್ತೆ ಒರೆಸಿಕೊಂಡರು.

“ತುಂಗಾ. ತುಂಗಾ ಅಂತ ಹಾಕಸ್ರಿ.”

ನಾನು ಬರೆಯುತ್ತೇನೆಂದರೂ ಕೇಳದೆ, ಕೆಫೆಯಲ್ಲಿ ಮಾಮಾ ತಾವೇ ಒಂದೇ ಬೆರಳಿನಿಂದ ಒಂದೊಂದೇ ಅಕ್ಷರ ಹುಡುಕಿ ಒತ್ತಿದರು. ಸರಿಯಾಗಿದೆಯೇ ಎಂದು ನನ್ನನ್ನು ಮೂರು ಸಲ ಕೇಳಿದರು. ರಿಕ್ಷಾದಲ್ಲಿ ದಾರಿಯುದ್ದಕ್ಕೂ ಅವರ ತುಟಿ ಅಲುಗುತ್ತಿತ್ತು.

ಮನೆಗೆ ಬಂದು ಚಪ್ಪಲಿ ಬಿಡುವ ಮೊದಲೇ, ಹೊಸ್ತಿಲಾಚೆ ನಿಂತು ಕರೆದರು:

“ತುಂಗಾ…”

ಒಳಗೆ ಪಾತ್ರೆಯ ಸದ್ದು ನಿಂತಿತು. ಆಮೇಲೆ, ನಾನೆಂದೂ ಕೇಳಿರದ ಸಣ್ಣ ದನಿಯೊಂದು ಹೇಳಿತು:

“ಬಂದೆ ರೀ.”