ಹದಿನಾರು ಡಬ್ಬಿಗಳನ್ನು ಫಳಫಳ ಮಾಡಿದ್ದು

ಧೂಳಿಗೂ ತನಗೂ ಈ ಜನ್ಮದಲ್ಲಿ ರಾಜಿಯಿಲ್ಲ ಎಂದು ಒರೆಸಮ್ಮ ಪಣ ತೊಟ್ಟಿದ್ದ ಕಾಲದಲ್ಲಿ ಸಿನಿಮಾ ಎನ್ನುವುದು ಡಬ್ಬಿಯಲ್ಲಿ ಬರುತ್ತಿತ್ತು. ಒಂದು ಸಿನಿಮಾಕ್ಕೆ ಹದಿನಾರು ತಗಡಿನ ಡಬ್ಬಿ, ಡಬ್ಬಿಗೊಂದು ರೀಲು, ರೀಲಿಗೆ ಹತ್ತು ನಿಮಿಷದ ಕಥೆ. ಥಿಯೇಟರಿನ ಬೆನ್ನಿಗೆ ಅಂಟಿಕೊಂಡಂತೆ ಎರಡು ಕೋಣೆಯ ಒಂದು ಮನೆ. ಆ ಮನೆಯಲ್ಲಿದ್ದವನು ಥಿಯೇಟರಿನಲ್ಲಿ ಸಿನಿಮಾ ಮಿಷನ್ ಓಡಿಸುವ ಆಪರೇಟರ್. ಅವನ ಹೆಂಡತಿಯೇ ಈ ಒರೆಸಮ್ಮ.

ಹೆತ್ತವರು ಇಟ್ಟ ಹೆಸರು ಬೇರೆ ಇತ್ತು. ಆದರೆ ಕೂತವರನ್ನು ಎಬ್ಬಿಸಿ ಕುರ್ಚಿ ಒರೆಸುವವಳು, ಬಂದವರು ಹೊಸ್ತಿಲು ದಾಟುವ ಮೊದಲೇ ಅವರ ಹೆಜ್ಜೆ ಒರೆಸುವವಳು, ಒರೆಸುವ ಬಟ್ಟೆಯನ್ನು ಒರೆಸಲು ಇನ್ನೊಂದು ಬಟ್ಟೆ ಇಟ್ಟುಕೊಂಡವಳು ಎಂದ ಮೇಲೆ ಬೀದಿಯವರು ಇನ್ನೇನೆಂದು ಕರೆದಾರು? "ನಮ್ಮನೇಲಿ ಎಲ್ಲಿ ಬೇಕಾದ್ರೂ ಬೆರಳಿಟ್ಟು ಎಳೀರಿ, ಧೂಳು ಅಂಟಿದ್ರೆ ನನ್ನ ಹೆಸರೇ ಬದಲಾಯಿಸ್ರಿ" ಎಂದು ಸವಾಲು ಹಾಕುತ್ತಿದ್ದಳು. ಹೆಸರು ಆಗಲೇ ಬದಲಾಗಿಹೋಗಿದ್ದು ಪಾಪ ಅವಳೊಬ್ಬಳಿಗೇ ತಿಳಿದಿರಲಿಲ್ಲ.

ಆ ವರ್ಷ ಥಿಯೇಟರಿಗೆ ಒಂದು ಕೊಲೆಯ ಸಿನಿಮಾ ಬಂತು. ದೊಡ್ಡ ಮನೆ, ಮನೆ ತುಂಬ ನೆಂಟರು. ಮೊದಲನೇ ರೀಲಿನ ಕೊನೆಗೆ ದೊಡ್ಡಪ್ಪ ಎಲ್ಲರಿಗೂ ಹೇಳಿ ತನ್ನ ಕೋಣೆಗೆ ಹೋಗುತ್ತಾನೆ, ಎರಡನೆಯದರ ಶುರುವಿಗೆ ಆರಾಮಕುರ್ಚಿಯಲ್ಲಿ ಹೆಣವಾಗಿರುತ್ತಾನೆ. ಯಾರು ಕೊಂದರು? ಪತ್ತೇದಾರ ಮೂಗುದಾರ ಕಿತ್ತ ಹೋರಿಯಂತೆ ಮನೆಯೆಲ್ಲ ಓಡಾಡುತ್ತಾನೆ. ಗುಟ್ಟು ಹೊರಬೀಳುವುದು ಹದಿನೈದನೇ ರೀಲಿನಲ್ಲಿ. ಟಿಕೆಟ್ ಕಿಟಕಿಯ ಪಕ್ಕದಲ್ಲಿ ಬೋರ್ಡು ಬೇರೆ ತೂಗುಹಾಕಿದ್ದರು: "ಕೊಲೆಗಾರ ಯಾರೆಂದು ದಯವಿಟ್ಟು ಯಾರಿಗೂ ಹೇಳಬೇಡಿ."

ಊರಲ್ಲಿ ಆ ಬೋರ್ಡನ್ನು ಹೆಂಡತಿಯ ಮುಂದೆಯೂ ಅಕ್ಷರಶಃ ಪಾಲಿಸಿದವನು ಒಬ್ಬನೇ, ಆಪರೇಟರ್; ಬೀದಿಯವರನ್ನು ಕೇಳಲು ಒರೆಸಮ್ಮನಿಗೆ ಬಿಗುಮಾನ. ಒರೆಸಮ್ಮ ದಿನವೂ ಅವನಿಗೆ ಊಟ ಒಯ್ಯುತ್ತಿದ್ದುದು ಆರನೇ ರೀಲಿನ ಹೊತ್ತಿಗೆ. ಮಿಷನ್ ಕೋಣೆಯ ಸಣ್ಣ ಕಿಂಡಿಯಿಂದ ಅವಳಿಗೆ ಕಾಣುತ್ತಿದ್ದುದು ದಿನವೂ ಅದೇ ಹತ್ತು ನಿಮಿಷ. ತಲೆಗೆ ಏಟು ಬಿದ್ದ ಹೀರೋ ಮಲಗಿರುತ್ತಾನೆ, ಮನೆಯ ಡಾಕ್ಟರು ಬಂದು ಕೈ ತೊಳೆದುಕೊಂಡು, ಲೋಟ ಒರೆಸಿಟ್ಟು, ಬ್ಯಾಂಡೇಜು ಬದಲಾಯಿಸುತ್ತಾರೆ. "ಎಷ್ಟು ಶುದ್ಧದ ಮನುಷ್ಯ!" ಎಂದು ಅವಳಿಗೆ ಡಾಕ್ಟರ ಮೇಲೆ ಬಹಳ ಗೌರವ.

"ರೀ, ಕೊಲೆ ಮಾಡಿದ್ದು ಯಾರು?"

"ಬೋರ್ಡ್ ನೋಡಿಲ್ವಾ?"

"ನಾನು ನಿಮ್ಮ ಹೆಂಡ್ತಿ ಕಣ್ರೀ."

"ಹೆಂಡ್ತೀನ ಬಿಟ್ಟು ಅಂತ ಬೋರ್ಡಲ್ಲಿ ಬರ್ದಿಲ್ಲ."

ಇಪ್ಪತ್ತು ದಿನ ಹೀಗೇ ನಡೆಯಿತು. ಇಪ್ಪತ್ತು ದಿನವೂ ಸಾರಿಗೆ ಉಪ್ಪು ಕಮ್ಮಿಯಾಯಿತು. ಆಪರೇಟರ್ ಸಪ್ಪೆ ಸಾರು ಉಂಡನೇ ಹೊರತು ಬಾಯಿ ಬಿಡಲಿಲ್ಲ.

ಥಿಯೇಟರಿನ ಎದುರಿಗೆ ಟೈಲರಂಗಡಿ. ಟೈಲರ್ ಈ ಸಿನಿಮಾವನ್ನು ಹನ್ನೊಂದು ಸಲ ನೋಡಿದವನು. ಅವನಂಗಡಿಯ ಬೆಂಚಿನ ಮೇಲೆ ದಿನವೂ ಬಂದು ಕೂರುವವನು ಆಸ್ಪತ್ರೆಯ ಕಾಂಪೌಂಡರ್. ಅವನು ಪೇಟೆಯ ಇನ್ನೊಂದು ಥಿಯೇಟರಿನಲ್ಲಿದ್ದ ಅಳುವ ಸಿನಿಮಾದ ಭಕ್ತ. ಚಿತ್ರಪ್ರೇಮಿಗಳ ಸಂಘದವರು ವರ್ಷಕ್ಕೊಮ್ಮೆ ಕೊಡುವ ಪದಕಗಳ ಸ್ಪರ್ಧೆಗೆ ಎರಡೂ ನಿಂತಿದ್ದವು. ಅಂದ ಮೇಲೆ ಬೆಂಚಿಗೆ ನೆಮ್ಮದಿಯೆಲ್ಲಿ? ಕೊಲೆಯ ಸಿನಿಮಾ ಒಂದು ಸಲ ನೋಡಿದರೆ ಹಿಂಡಿದ ನಿಂಬೆಹಣ್ಣು, ಗುಟ್ಟು ಗೊತ್ತಾದ ಮೇಲೆ ಅದರಲ್ಲೇನು ರಸ ಉಳಿಯಿತು ಎಂದು ಕಾಂಪೌಂಡರನ ವಾದ. ರಸವಿಲ್ಲದಿದ್ದರೆ ತಾನು ಹನ್ನೊಂದು ಸಲ ನೋಡುತ್ತಿದ್ದೆನೇ ಎಂದು ಟೈಲರ್.

"ನೀನು ಅಂಗಿಗೆ ಗುಂಡಿ ಹಚ್ಚೋದನ್ನೇ ಮರೀತೀಯ," ಎಂದ ಕಾಂಪೌಂಡರ್, "ಕೊಲೆಗಾರ ಎಲ್ಲಿ ನೆನಪಿರ್ತಾನೆ?"

ಶನಿವಾರ ಮಧ್ಯಾಹ್ನದ ಆಟಕ್ಕೆ ತೀರ್ಪುಗಾರರು ಬರುತ್ತಾರೆಂದು ಗೊತ್ತಾಯಿತು. ಮ್ಯಾನೇಜರ್ ಥಿಯೇಟರಿಗೆಲ್ಲ ಬಣ್ಣ ಹೊಡೆಸತೊಡಗಿದ. ಆಪರೇಟರನನ್ನು ಕರೆದು, ಆ ಆಟದಲ್ಲಿ ಒಂದೇ ಒಂದು ಸಲ ಪರದೆ ಬೆಳ್ಳಗಾದರೂ ಕೆಲಸವೂ ಇಲ್ಲ, ಹಿಂದಿನ ಮನೆಯೂ ಇಲ್ಲ ಎಂದು ಕಡ್ಡಿ ಮುರಿದಂತೆ ಹೇಳಿದ. ಮಿಷನ್ ಕೋಣೆಗೆ ಬಣ್ಣ ಹೊಡೆಯುವ ಶುಕ್ರವಾರ ಆಟಗಳಿಗೆ ರಜೆ. ಹದಿನಾರು ಡಬ್ಬಿಗಳೂ ಒರೆಸಮ್ಮನ ಮನೆಗೆ ಬಂದವು.

ಅಲ್ಲಿಗೆ ಮುಗಿಯಿತು.

ಎಂಟು ಊರು ಸುತ್ತಿ ಬಂದ ಡಬ್ಬಿಗಳು! ಎಣ್ಣೆ, ಮಸಿ, ಗಾಡಿಯ ಧೂಳು, ಯಾರ್ಯಾರದೋ ಕೈಯ ಜಿಡ್ಡು. ಒರೆಸಮ್ಮ ಸೆರಗು ಸಿಕ್ಕಿಸಿಕೊಂಡಳು. ಬೂದಿ ಹಾಕಿ ತಿಕ್ಕಿದಳು, ಸೋಪು ಹಾಕಿ ತಿಕ್ಕಿದಳು, ಒಣಬಟ್ಟೆಯಲ್ಲಿ ಒರೆಸಿ ಬಿಸಿಲಿಗೆ ಇಟ್ಟಳು. ಅಂಗಳದಲ್ಲಿ ಹದಿನಾರು ಸೂರ್ಯರು ಹುಟ್ಟಿದಂತಾಯಿತು. ಸೊಂಟಕ್ಕೆ ಕೈಕೊಟ್ಟು ನಿಂತು ನೋಡುತ್ತಿರುವಾಗ ಒಂದು ಸಣ್ಣ ಸಂಗತಿ ನೆನಪಿಗೆ ಬಂತು. ಡಬ್ಬಿಯ ಮುಚ್ಚಳದ ಮೇಲೆ ಸೀಮೆಸುಣ್ಣದಲ್ಲಿ ಒಂದು, ಎರಡು, ಮೂರು ಎಂದು ಅಂಕಿ ಬರೆದಿರುತ್ತಿದ್ದರು. ಈಗ ಅಲ್ಲಿ ಕಾಣುತ್ತಿದ್ದುದು ಅವಳದೇ ಮುಖ, ಹದಿನಾರು ಸಲ.

ರೀಲುಗಳ ತುದಿಯಲ್ಲಿರಬೇಕಾದ ಗುರುತುಗಳು ಎಂದೋ ಹರಿದುಹೋಗಿದ್ದವು. ಗಂಡನಿಗೆ ಹೇಳಬಹುದಿತ್ತು. ಹೇಳಿದರೆ ಒರೆಸಿದ್ದು ತಪ್ಪು ಎಂದು ಒಪ್ಪಿಕೊಂಡಂತೆ. ಸತ್ತರೂ ಆಗದ ಮಾತು! ಆದರೆ ನಾಳೆ ರೀಲು ತಪ್ಪಿದರೆ ಈ ಮನೆಯೇ ಹೋಗುತ್ತದೆ, ಒರೆಸಲು ನೆಲವೇ ಇರುವುದಿಲ್ಲ. ಒರೆಸಮ್ಮ ಕಿಟಕಿಯ ಬಳಿ ಕೂತಳು. ಬೆರಳಿಗೆ ಕರವಸ್ತ್ರ ಸುತ್ತಿಕೊಂಡು ಒಂದೊಂದು ರೀಲಿನ ಮೊದಲ ಮೊಳವನ್ನು ಮಾತ್ರ ಬಿಚ್ಚಿ ಬೆಳಕಿಗೆ ಹಿಡಿದು, ಉಗುರಿನಷ್ಟಗಲದ ಚಿತ್ರಗಳನ್ನು ನೋಡುತ್ತ ಹೋದಳು. ಅಕ್ಷರ ಕಡಿಮೆಯಾದರೂ ಕಣ್ಣು ಚುರುಕು. ಹೀರೋನ ತಲೆಯ ಬ್ಯಾಂಡೇಜು ದಿನದಿನಕ್ಕೆ ಸಣ್ಣದಾಗಬೇಕು. ಅನುಮಾನದ ಮೇಲೆ ಲಾಕಪ್ಪಿಗೆ ಹಾಕಿದ್ದ ಆ ದೊಡ್ಡ ಮನೆಯ ಅಡುಗೆಯವನ ಗಡ್ಡ ದಿನದಿನಕ್ಕೆ ಬೆಳೆಯಬೇಕು. ಹೂದಾನಿಯ ಹೂವು ಬಾಡಬೇಕು. ಬ್ಯಾಂಡೇಜು, ಗಡ್ಡ, ಹೂವು ಮೂರನ್ನೂ ತಾಳೆ ನೋಡಿ ಸಂಜೆಯೊಳಗೆ ಹದಿನೈದು ರೀಲುಗಳನ್ನು ಮಣಿ ಪೋಣಿಸಿದಂತೆ ಜೋಡಿಸಿದಳು. ಅವಳು ಜೋಡಿಸಿದ್ದರಲ್ಲಿ ಕೂದಲೆಳೆಯ ತಪ್ಪಿರಲಿಲ್ಲ.

ಉಳಿದದ್ದು ಒಂದು. ಅದರಲ್ಲಿ ದೊಡ್ಡಪ್ಪ ಆರಾಮಕುರ್ಚಿಯಲ್ಲಿ ಜೀವಂತವಾಗಿ ಕೂತಿದ್ದ, ಪಕ್ಕದಲ್ಲಿ ಆ ಶುದ್ಧದ ಡಾಕ್ಟರು ಲೋಟ ಹಿಡಿದು ನಿಂತಿದ್ದರು. ಇದಕ್ಕೇನು ಯೋಚನೆ! ಸತ್ತವನು ಎದ್ದು ಕೂರುವುದುಂಟೇ? ಸಾಯುವ ಮೊದಲಿನದು ಸಾಯುವ ಮೊದಲೇ ಬರಬೇಕು. ಅದನ್ನು ಎರಡನೆಯ ಜಾಗಕ್ಕೆ ಇಟ್ಟು, ಸೀಮೆಸುಣ್ಣದಲ್ಲಿ ಒಂದರಿಂದ ಹದಿನಾರು ಬರೆದು, ಕೈ ತೊಳೆದುಕೊಂಡಳು. ಬಣ್ಣದ ವಾಸನೆಗೆ ತಲೆ ಸುತ್ತಿಕೊಂಡು ಬಂದ ಆಪರೇಟರ್ ಹೊಳೆಯುವ ಡಬ್ಬಿಗಳನ್ನು ನೋಡಿ, "ಇವನ್ನೂ ಬಿಡ್ಲಿಲ್ವಾ?" ಎಂದಷ್ಟೇ ಕೇಳಿ ಮಲಗಿಬಿಟ್ಟ.

ಶನಿವಾರದ ಆಟಕ್ಕೆ ಅವಳಿಗೂ ಒಂದು ಟಿಕೆಟ್ ಸಿಕ್ಕಿತು. ಅವಳ ಮುಂದಿನ ಸಾಲಿನಲ್ಲಿ ಟೈಲರ್, ಜೊತೆಗೆ ಕುಂದು ಹುಡುಕಲೆಂದೇ ಬಂದ ಕಾಂಪೌಂಡರ್. ಬಾಲ್ಕನಿಯಲ್ಲಿ ಐವರು ತೀರ್ಪುಗಾರರು, ಅವರ ಮುಖ್ಯಸ್ಥೆ ನಿವೃತ್ತ ಹೆಡ್‌ಮಿಸ್. ಮೊದಲನೇ ರೀಲು ಮುಗಿಯಿತು. ಎರಡನೆಯದು ಬಂತು. ದೊಡ್ಡಪ್ಪ ಕುರ್ಚಿಯಲ್ಲಿ ಕೂತ, ಡಾಕ್ಟರು ಲೋಟ ಕೊಟ್ಟರು. ಎಲ್ಲ ಸರಿಯಾಗಿದೆ ಎಂದು ಒರೆಸಮ್ಮ ಬೀಗುತ್ತಿರುವಾಗಲೇ ಡಾಕ್ಟರು ಕೈಗವಸು ಹಾಕಿಕೊಂಡು ದೊಡ್ಡಪ್ಪನ ಕುತ್ತಿಗೆ ಹಿಚುಕಿ, ಲೋಟವನ್ನು ತೊಳೆದು, ಬೆರಳಚ್ಚು ಉಳಿಯದಂತೆ ಒರೆಸಿ, ಬಾಗಿಲು ಮುಂದೆ ಮಾಡಿಕೊಂಡು ಹೋದರು.

ಟೈಲರ್ ಎದ್ದು ನಿಂತ. ಸೀಟಿನ ಬೆನ್ನು ಹಿಡಿದುಕೊಂಡು ಸುತ್ತಲೂ ನೋಡಿ, ಹಿಂದೆ ಕೂತಿದ್ದ ಒರೆಸಮ್ಮನತ್ತ ತಿರುಗಿದ. "ಇದು ಕೊನೇಲಿ ಬರೋದು," ಎಂದ, ಅಳುವ ದನಿಯಲ್ಲಿ. "ಅಕ್ಕಾ, ಇದು ಕೊನೇಲಿ ಬರೋದು."

ಇಪ್ಪತ್ತು ದಿನ ಗಂಡ ನುಂಗಿಕೊಂಡಿದ್ದ ಗುಟ್ಟನ್ನು ಒರೆಸಮ್ಮ ಹತ್ತೇ ನಿಮಿಷದಲ್ಲಿ ಊರಿಗೆಲ್ಲ ಹಂಚಿಬಿಟ್ಟಿದ್ದಳು! ಮನೆಯ ಎರಡು ಕೋಣೆ, ಅಂಗಳ, ನೀರಿನ ತೊಟ್ಟಿ ಎಲ್ಲವೂ ಕಣ್ಣ ಮುಂದೆ ಗಾಡಿ ಹತ್ತಿ ಹೊರಟಂತೆ ಕಂಡಿತು. ಮಿಷನ್ ಈಗ ನಿಲ್ಲುತ್ತದೆ, ಪರದೆ ಬೆಳ್ಳಗಾಗುತ್ತದೆ ಎಂದು ಕಣ್ಣು ಮುಚ್ಚಿ ಕಾದಳು. ನಿಲ್ಲಲಿಲ್ಲ.

ಆರನೇ ರೀಲಿನ ಹೊತ್ತಿಗೆ ಒಂದು ವಿಚಿತ್ರ ನಡೆಯಿತು. ಈಗ ಏಳನೆಯದಾಗಿತ್ತು ಅದು. ಅವಳು ಇಪ್ಪತ್ತು ಸಲ ನೋಡಿದ್ದ ಅದೇ ಹತ್ತು ನಿಮಿಷ. ಹೀರೋ ಮಲಗಿದ್ದಾನೆ. ಬಾಗಿಲು ತಟ್ಟಿದ ಸದ್ದು. ಡಾಕ್ಟರು ನಗುತ್ತ ಒಳಗೆ ಬರುತ್ತಾರೆ, ಕೈ ತೊಳೆದುಕೊಳ್ಳುತ್ತಾರೆ. ಇಷ್ಟು ದಿನ ಆ ಹೊತ್ತಿಗೆ ಜನ ಕಡಲೆಕಾಯಿ ತಿನ್ನುತ್ತಿದ್ದರು. ಇವತ್ತು ಇಡೀ ಥಿಯೇಟರು ಉಸಿರು ಬಿಗಿಹಿಡಿಯಿತು. ಹಿಂದಿನ ಸಾಲಿನಿಂದ ಒಬ್ಬ ಹೆಂಗಸು ತಡೆಯಲಾರದೆ ಕೂಗಿದಳು: "ಅವನ್ನ ಒಳಗೆ ಬಿಡಬೇಡ್ರೋ!" ಕಾಂಪೌಂಡರ್ ತನ್ನ ಕೈಗಳನ್ನು ತಾನೇ ನೋಡಿಕೊಂಡು ಜೇಬಿಗೆ ಹಾಕಿಕೊಂಡ. ಕೊನೆಯಲ್ಲಿ ಪತ್ತೇದಾರ ಎಲ್ಲರನ್ನೂ ಕೂರಿಸಿ, "ಕೊಲೆ ಹೇಗಾಯಿತೆಂದು ಈಗ ಹೇಳುತ್ತೇನೆ" ಎಂದ. ಮರುಕ್ಷಣವೇ ಡಾಕ್ಟರ ಕೈಗೆ ಬೇಡಿ ಬಿತ್ತು. ನಮಗೆ ಗೊತ್ತಪ್ಪ, ನೀನು ಹೇಳುವುದೇನು ಬಂತು ಎಂಬಂತೆ ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು.

ಒರೆಸಮ್ಮ ಮೆಟ್ಟಿಲು ಹತ್ತಿ ಮಿಷನ್ ಕೋಣೆಗೆ ಓಡುವಷ್ಟರಲ್ಲಿ ಮ್ಯಾನೇಜರ್ ಅಲ್ಲಿದ್ದ. ಗಂಟುಮೂಟೆ ಕಟ್ಟು ಎನ್ನುತ್ತಿದ್ದ. ಆಪರೇಟರ್ ತಲೆ ತಗ್ಗಿಸಿ, ಡಬ್ಬಿ ಜೋಡಿಸುವಾಗ ತನ್ನ ಕೈ ತಪ್ಪಿತು ಎನ್ನುತ್ತಿದ್ದ. ಅಲ್ಲ, ತಪ್ಪಿದ್ದು ನನ್ನ ಕೈ ಎಂದು ಹೇಳಲು ಅವಳು ಬಾಯಿ ತೆರೆದಳು. ಆಪರೇಟರ್ ತಲೆ ಎತ್ತದೆಯೇ ಕಣ್ಣಲ್ಲಿ ತಡೆದ. ಅಷ್ಟರಲ್ಲಿ ಹೆಡ್‌ಮಿಸ್ ಏದುಸಿರು ಬಿಡುತ್ತ ಮೇಲೆ ಬಂದರು. ಮೂವತ್ತು ವರ್ಷದಿಂದ ಕೊಲೆಗಾರನನ್ನು ಕೊನೆಯಲ್ಲಿ ನೋಡಿ ನೋಡಿ ಸಾಕಾಗಿದೆ, ಮೊದಲೇ ತೋರಿಸಿಯೂ ಇಷ್ಟು ಹೆದರಿಸಿದ ಸಿನಿಮಾ ಇದೇ ಮೊದಲು ಎಂದು ಮ್ಯಾನೇಜರನ ಕೈ ಕುಲುಕಿದರು. ಮ್ಯಾನೇಜರ್ ಬಾಯಿ ಮುಚ್ಚಿ, ಬಾಯಿ ತೆರೆದು, ನಕ್ಕ.

ಹತ್ತು ದಿನಕ್ಕೆ ಫಲಿತಾಂಶ ಬಂತು. ಅತ್ಯುತ್ತಮ ಚಿತ್ರದ ಪದಕ ಕಾಂಪೌಂಡರನ ಅಳುವ ಸಿನಿಮಾಕ್ಕೆ. ಅತ್ಯುತ್ತಮ ಸಂಕಲನ, ಅಂದರೆ ದೃಶ್ಯಗಳನ್ನು ಕತ್ತರಿಸಿ ಒಪ್ಪವಾಗಿ ಜೋಡಿಸಿದ್ದಕ್ಕಾಗಿ ಕೊಡುವ ಪದಕ, ಕೊಲೆಯ ಸಿನಿಮಾಕ್ಕೆ! ಅದನ್ನು ಜೋಡಿಸಿದ ಮಹಾನುಭಾವ ದೂರದ ಊರಿನಿಂದ ಬಂದು ಪದಕ ಕೊರಳಿಗೆ ಹಾಕಿಸಿಕೊಂಡು, ಅದಕ್ಕಾಗಿ ತಾನು ಪಟ್ಟ ಕಷ್ಟದ ಬಗ್ಗೆ ಅರ್ಧ ಗಂಟೆ ಮಾತಾಡಿ ಹೋದ. ಥಿಯೇಟರಿನಲ್ಲಿ ಆಮೇಲೂ ರೀಲುಗಳ ಅದೇ ಕ್ರಮದಲ್ಲಿ ಆಟ ನಡೆದು ನೂರು ದಿನ ತುಂಬಿತು. ಟೈಲರನಂಗಡಿಯ ಬೆಂಚಿಗೆ ಹೊಸ ಜಗಳ ಸಿಕ್ಕಿತು: ಮೊದಲೇ ತಿಳಿಯುವುದು ಚೆಂದವೋ, ಕೊನೆಗೆ ತಿಳಿಯುವುದು ಚೆಂದವೋ?

ಆಟ ಮುಗಿದ ಆ ಶನಿವಾರವೇ ಮನೆಗೆ ಬಂದ ಆಪರೇಟರ್ ಊಟಕ್ಕೆ ಕೂತಿದ್ದ. ಒರೆಸಮ್ಮ ಬಡಿಸುತ್ತ ನಿಧಾನಕ್ಕೆ ಕೇಳಿದಳು.

"ಯಾವಾಗ ಗೊತ್ತಾಯ್ತು ನಿಮಗೆ?"

"ಮೂರನೇ ಡಬ್ಬಿ ಎತ್ತಿಕೊಂಡಾಗ." ಅವನು ಸಾರು ಸುರಿದುಕೊಂಡ. ಇಪ್ಪತ್ತು ದಿನದಲ್ಲಿ ಮೊದಲ ಸಲ ಉಪ್ಪು ಸರಿಯಾಗಿತ್ತು. "ಒಂದೇ ಒಂದು ಬೆರಳಚ್ಚಿಲ್ಲ ಅದರ ಮೇಲೆ. ಇಂಥ ಕೊಲೆಗಾರ್ತಿ ಈ ಊರಲ್ಲಿ ಒಬ್ಬಳೇ."

ಅಂಚು ಸೊಟ್ಟಗಾದ ಒಂದು ಡಬ್ಬಿಗೆ ಬದಲಿ ಬಂದಾಗ ಹಳೆಯದನ್ನು ಅವನು ಮನೆಗೆ ತಂದ. ಅದೇ ಡಬ್ಬಿ. ಮುಚ್ಚಳದ ಮೇಲೆ ಸೀಮೆಸುಣ್ಣದಲ್ಲಿ ತನ್ನ ಕೈಯಾರೆ ಹದಿನೈದು ಎಂದು ಬರೆದು, ಅದಕ್ಕೆ ಅಡ್ಡಗೆರೆ ಎಳೆದು, ಕೆಳಗೆ ಎರಡು ಎಂದು ಬರೆದು, "ಇದನ್ನ ಮಾತ್ರ ಒರೆಸ್ಬೇಡ" ಎಂದು ಕೊಟ್ಟ. ಅವಳು ಅದರಲ್ಲಿ ಸೂಜಿದಾರ ಇಟ್ಟುಕೊಂಡಳು. ಆಪರೇಟರ್ ಹೋಗಿ ಮೂವತ್ತು ವರ್ಷವಾಯಿತು. ಡಬ್ಬಿಯ ಸಿನಿಮಾಗಳೂ ಹೋದವು. ಕೈಗೆ ಬಟ್ಟೆ ಸಿಕ್ಕರೆ ಗೋಡೆಯನ್ನೂ ಬಿಡದ ಒರೆಸಮ್ಮ ಆ ಮುಚ್ಚಳವನ್ನು ಮಾತ್ರ ಅಂಚಿನಲ್ಲಿ ಎರಡು ಬೆರಳಿಂದ ಎತ್ತುತ್ತಿದ್ದಳು. ಅದರ ಮೇಲೆ ಧೂಳು ಕೂತರೆ ಕೂರಲಿ ಎಂದು ಬಿಟ್ಟಿದ್ದಳು.

ಮೊನ್ನೆ ಭಾನುವಾರ ಮೊಮ್ಮಗಳು ತನ್ನ ಜೊತೆಯ ನರ್ಸುಗಳನ್ನು ಕರೆತಂದಿದ್ದಳು. ಯಾವುದೋ ಹೊಸ ಕೊಲೆಯ ಸಿನಿಮಾ ಸ್ಪರ್ಧೆಗೆ ನಿಂತಿದೆಯಂತೆ, ಮೊಬೈಲಿನಲ್ಲೇ ವೋಟು ಹಾಕಬೇಕಂತೆ. ಕೊಲೆಗಾರನನ್ನು ಮೊದಲೇ ತೋರಿಸಿಬಿಡುತ್ತಾರೆ, ಏನು ತಲೆ, ಏನು ಹೊಸ ಪ್ರಯೋಗ ಎಂದು ಹುಡುಗಿಯರು ಕೊಂಡಾಡುತ್ತಿದ್ದರು. ಒರೆಸಮ್ಮನಿಗೆ ತಡೆಯಲಾಗಲಿಲ್ಲ. "ಅದನ್ನ ಮೊದ್ಲು ಮಾಡಿದ್ದು ನಾನು ಕಣ್ರೇ" ಎಂದು ಕಥೆಯನ್ನೆಲ್ಲ ಹೇಳಿದಳು. ಹುಡುಗಿಯರು ಬಿದ್ದು ಬಿದ್ದು ನಕ್ಕರು, ಆದರೆ ಯಾರೂ ನಂಬಲಿಲ್ಲ.

"ಸಾಕ್ಷಿ ಎಲ್ಲಜ್ಜಿ?" ಎಂದಳು ಮೊಮ್ಮಗಳು.

"ಒಳಗೆ ಹೋಗಿ ಸೂಜಿದಾರದ ಡಬ್ಬಿ ತಗೊಂಡು ಬಾ. ನಿಮ್ಮ ತಾತನ ಕೈಬರಹ ಇದೆ ಅದರ ಮೇಲೆ."

ಮೊಮ್ಮಗಳು ತಂದಳು. ತಂದು ಕೈಗಿಡುತ್ತ, "ಇದರ ಮೇಲೆ ಎಷ್ಟು ಧೂಳಿತ್ತು ಗೊತ್ತಾ?" ಎಂದಳು. "ಮನೆಯೆಲ್ಲ ಒರೆಸೋಳು ಇದೊಂದನ್ನ ಯಾಕೆ ಬಿಟ್ಟಿದ್ದೆ? ಎಲ್ಲರೂ ಬರ್ತಾರಲ್ಲ ಅಂತ ಬೆಳಿಗ್ಗೆ ನಾನೇ ಚೆನ್ನಾಗಿ ತಿಕ್ಕಿಟ್ಟೆ."

ಒರೆಸಮ್ಮ ಮುಚ್ಚಳವನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಓರೆ ಮಾಡಿ ನೋಡಿದಳು, ನೇರ ಮಾಡಿ ನೋಡಿದಳು. ಹದಿನೈದೂ ಇರಲಿಲ್ಲ, ಎರಡೂ ಇರಲಿಲ್ಲ. ಫಳಫಳ ಹೊಳೆಯುವ ತಗಡಿನಲ್ಲಿ ಒಂದು ಮುದಿ ಮುಖ, ಅದರ ಹೆಗಲ ಮೇಲಿಂದ ಇಣುಕುವ ಒಂದು ಎಳೆ ಮುಖ. ಯಾವ ಬಾಯಲ್ಲಿ ಬಯ್ಯುವುದು?

"ಒಂದೇ ಒಂದು ಬೆರಳಚ್ಚಿಲ್ಲ," ಎಂದಳು ಕೊನೆಗೆ, ಮುಚ್ಚಳವನ್ನು ಮಡಿಲಲ್ಲಿಟ್ಟುಕೊಂಡು. "ಇಂಥ ಕೊಲೆಗಾರ್ತಿ ಈ ಊರಲ್ಲಿ ಒಬ್ಬಳೇ ಅಂದಿದ್ರು ನಿಮ್ಮ ತಾತ. ಪಾಪ, ಅವ್ರು ನಿನ್ನನ್ನ ನೋಡಿರ್ಲಿಲ್ಲ."